ಸೆಂಟರ್‌ಗೆ ಸೇರೋದಾ, ಮನೆಯಲ್ಲೇ ಕಲಿಯೋದಾ? ಕಂಪ್ಯೂಟರ್ ಕಲಿಯಲು ಹೊರಟ ಮೇಷ್ಟ್ರುಗಳಿಗೆ, ಮೇಡಂಗಳಿಗೆ

ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿ ಶಾಲೆಗೆ ಬೀಗ ಬಿದ್ದ ಮೇಲೆ ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಸರ್, ಈ ರಜೆಯಲ್ಲಿ ಕಂಪ್ಯೂಟರ್ ಕಲಿತೇಬಿಡಬೇಕು ಅಂತಿದೀನಿ. ಬಸ್ ಸ್ಟ್ಯಾಂಡ್ ಹತ್ತಿರದ ಸೆಂಟರ್‌ಗೆ ಸೇರಲಾ? ಯೂಟ್ಯೂಬ್ ನೋಡಿ ಕಲೀಲಾ? ಅದ್ಯಾವುದೋ ಸಿಸಿಸಿ ಅಂತಾರಲ್ಲ, ಅದನ್ನ ಮಾಡಲಾ?" ಫೋನ್ ಮಾಡುವವರಲ್ಲಿ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಇರುತ್ತಾರೆ, ನಿವೃತ್ತಿಗೆ ನಾಲ್ಕು ವರ್ಷ ಉಳಿದವರೂ ಇರುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು, ಕಂಪ್ಯೂಟರ್ ಪಂಡಿತನೇನಲ್ಲ. ಆದರೆ ನಮ್ಮ ಶಾಲೆಯ ಪ್ರಿಂಟರ್ ಕೆಮ್ಮಿದರೂ ನನ್ನನ್ನೇ ಕರೆಯುತ್ತಾರೆ. ಹಾಗಾಗಿ ಈ ಪ್ರಶ್ನೆಗಳೂ ನನ್ನ ಪಾಲಿಗೇ ಬಿದ್ದಿವೆ.

ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಒಬ್ಬೊಬ್ಬರ ಕೆಲಸ ಒಂದೊಂದು ಕಡೆ ನಿಂತಿರುತ್ತದೆ. ಅದಕ್ಕೇ ಯಾರೇ ಕೇಳಿದರೂ ನಾನು ಮೊದಲು ಒಂದು ಚೀಟಿ ಬರೆಸುತ್ತೇನೆ.

ಮೊದಲು ಚೀಟಿ

ಹೋದ ವರ್ಷ ಜೂನ್‌ನಿಂದ ಈ ಏಪ್ರಿಲ್‌ವರೆಗೆ ಕಂಪ್ಯೂಟರ್ ಬರದೆ ನೀವು ಯಾರ ಹತ್ತಿರ ಹೋಗಿ ನಿಂತಿರಿ, ಯಾವ ಕೆಲಸಕ್ಕೆ ಹೋಗಿ ನಿಂತಿರಿ? ನೆನಪು ಮಾಡಿಕೊಂಡು ಬರೆಯಿರಿ. ಹೆಚ್ಚಿನವರ ಚೀಟಿಯಲ್ಲಿ ಇವೇ ಇರುತ್ತವೆ: ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಡಿಟಿಪಿ ಅಂಗಡಿಗೆ ಹೋಗಿದ್ದು. ಸ್ಯಾಟ್ಸ್‌ನಲ್ಲಿ, ಅಂದರೆ ಇಲಾಖೆಯ ವಿದ್ಯಾರ್ಥಿ ದಾಖಲೆಯ ವೆಬ್‌ಸೈಟಿನಲ್ಲಿ, ಮಕ್ಕಳ ಹೆಸರು, ಅಂಕ ಏರಿಸಲು ಪಕ್ಕದ ಶಾಲೆಯ ಮೇಷ್ಟ್ರನ್ನು ಗೋಗರೆದಿದ್ದು. ಶಾಲೆಯ ಅಂಕಿಅಂಶ ಕೇಂದ್ರಕ್ಕೆ ಕೊಡುವ ಯುಡೈಸ್ ಮಾಹಿತಿಗೆ ಸೈಬರ್ ಸೆಂಟರಿನಲ್ಲಿ ಕಾದಿದ್ದು. ವಾಟ್ಸಾಪಿನಲ್ಲಿ ಒಂದು ಎಕ್ಸೆಲ್ ನಮೂನೆ ಬಂದು, ಕೆಳಗೆ "ಇಂದು ಸಂಜೆ 4 ಗಂಟೆಯೊಳಗೆ ಭರ್ತಿ ಮಾಡಿ ಕಳಿಸುವುದು" ಅಂತಿದ್ದಾಗ ಕೈಕಾಲು ಬಿಟ್ಟಿದ್ದು. ಶಾಲೆಗೆ ಪ್ರೊಜೆಕ್ಟರ್ ಬಂದರೂ ಅದರ ಬಟ್ಟೆ ತೆಗೆಯದೇ ವರ್ಷ ಕಳೆದಿದ್ದು.

ಈ ಚೀಟಿಯನ್ನು ನಾಲ್ಕು ಗುಂಪು ಮಾಡಿ. ಕನ್ನಡ ಟೈಪಿಂಗ್ ಒಂದು. ಲೆಕ್ಕದ ಹಾಳೆ, ಅಂದರೆ ಎಕ್ಸೆಲ್, ಒಂದು. ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಫಾರಂ ತುಂಬುವುದು, ಫೈಲ್ ಏರಿಸುವುದು ಇನ್ನೊಂದು. ತರಗತಿಯಲ್ಲಿ ಪಾಠಕ್ಕೆ ಬಳಸುವುದು ನಾಲ್ಕನೆಯದು. ನಿಮ್ಮ ಚೀಟಿಯಲ್ಲಿ ಯಾವ ಗುಂಪು ಉದ್ದವಾಗಿದೆಯೋ ಅದರ ಮೇಲೆ ಎಲ್ಲಿ ಕಲಿಯಬೇಕು ಅನ್ನುವುದು ನಿಂತಿದೆ. ಸೆಂಟರಿನವರು ಹಂಚುವ ಕರಪತ್ರದಲ್ಲಿ ಟ್ಯಾಲಿಯಿಂದ ಫೋಟೋಶಾಪ್‌ವರೆಗೆ ಇಪ್ಪತ್ತು ಹೆಸರು ಇರುತ್ತವೆ. ಅದರಲ್ಲಿ ನಿಮ್ಮ ಚೀಟಿಯ ಕೆಲಸಗಳು ಎಷ್ಟಿವೆ ಅಂತ ಮಾತ್ರ ನೋಡಿ.

ಯಾವುದರಿಂದ ಅಳೆಯಬೇಕು

ಮೊದಲ ಅಳತೆ, ಕಲಿತದ್ದನ್ನು ಮಾರನೆಯ ದಿನ ಮಾಡಿ ನೋಡಲು ಯಂತ್ರ ಇದೆಯೇ ಅನ್ನುವುದು. ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಸೈಕಲ್ ಕಲಿತು ಸೈಕಲ್ಲೇ ಇಲ್ಲದ ಊರಿಗೆ ಬಂದರೂ ಆಮೇಲೆ ಹತ್ತಿದರೆ ಓಡಿಸಬಹುದು. ಕಂಪ್ಯೂಟರ್ ಹಾಗಲ್ಲ. ಮೂರು ವಾರ ಮುಟ್ಟದಿದ್ದರೆ ಮೆನು ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತದೆ.

ಎರಡನೆಯದು, ಸಿಕ್ಕಿಕೊಂಡಾಗ ಕೇಳಲು ಯಾರಿದ್ದಾರೆ ಅನ್ನುವುದು. ಹೊಸಬರು ಪಾಠ ಅರ್ಥವಾಗದೆ ಬಿಡುವುದಿಲ್ಲ. ಯಾವುದೋ ಗುಂಡಿ ಒತ್ತಿ ಪರದೆ ಬದಲಾಗಿ, ವಾಪಸ್ ಬರಲು ಗೊತ್ತಾಗದೆ ಬಿಡುತ್ತಾರೆ. ಮೂರನೆಯದು ಭಾಷೆ. ನಾಲ್ಕನೆಯದು ಸಮಯ: ನಿಮಗೆ ಸಿಗುವುದು ಬೇಸಿಗೆ ರಜೆ, ದಸರಾ ರಜೆ, ಇಲ್ಲವೇ ಸಂಜೆಯ ಒಂದು ಗಂಟೆ. ಐದನೆಯದು, ಪ್ರಮಾಣಪತ್ರ ನಿಜವಾಗಿ ಬೇಕೇ ಅನ್ನುವುದು. ದುಡ್ಡನ್ನು ಕೊನೆಗೆ ಇಟ್ಟಿದ್ದೇನೆ. ಯಾಕೆಂದರೆ ಒಳ್ಳೆಯ ದಾರಿಗಳಲ್ಲಿ ಅರ್ಧಕ್ಕೆ ದುಡ್ಡೇ ಬೇಕಿಲ್ಲ.

ಪ್ರಮಾಣಪತ್ರದ ಬಗ್ಗೆ ಇಲ್ಲೇ ಒಂದು ಮಾತು. ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳು 2012ರಲ್ಲಿ ಬಂದವು. ಪರೀಕ್ಷೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಆನ್‌ಲೈನಿನಲ್ಲಿ ನಡೆಯುತ್ತದೆ. ಕೆಲವು ವೃಂದಗಳಿಗೆ ವಿನಾಯಿತಿಯೂ ಇದೆ. ನಿಮ್ಮ ಹುದ್ದೆಗೆ ಅದು ಬೇಕೇ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಸಿಬ್ಬಂದಿ ಶಾಖೆಯಲ್ಲಿ ಆದೇಶ ತೋರಿಸಿ ಅಂತ ಕೇಳಿ. ಸ್ಟಾಫ್ ರೂಮಿನ ಮಾತು ನಂಬಬೇಡಿ. ಅದೇ ಪರೀಕ್ಷೆ ಬೇಕಿದ್ದರೆ ಬೇರೆ ಯಾವ ಸೆಂಟರಿನ ಸರ್ಟಿಫಿಕೇಟೂ ಅದರ ಜಾಗಕ್ಕೆ ಬರುತ್ತದೆ ಅಂದುಕೊಂಡು ದುಡ್ಡು ಕಟ್ಟಬೇಡಿ. ಬೇಡವಾದರೆ, ಗೋಡೆಗೆ ಹಾಕುವ ಕಾಗದಕ್ಕಾಗಿ ಮೂರು ತಿಂಗಳು ಯಾಕೆ ಓಡಾಡಬೇಕು?

ಊರಿನ ಕಂಪ್ಯೂಟರ್ ಸೆಂಟರ್

ತಾಲ್ಲೂಕು ಊರುಗಳಲ್ಲಿ ಕಿಯೋನಿಕ್ಸ್ ಹೆಸರಿನ ತರಬೇತಿ ಕೇಂದ್ರಗಳಿವೆ, ಖಾಸಗಿಯವೂ ಇವೆ. ಕಿಯೋನಿಕ್ಸ್ 1976ರಲ್ಲಿ ಶುರುವಾದ ರಾಜ್ಯ ಸರ್ಕಾರದ ಸಂಸ್ಥೆ. ಆ ಬೋರ್ಡು ಕಂಡರೆ ನಮ್ಮವರಿಗೆ ಒಂದು ನಂಬಿಕೆ. ಆದರೆ ಬೋರ್ಡು ಒಂದೇ ಆದರೂ ಎಲ್ಲ ಕೇಂದ್ರಗಳ ಪಾಠ ಒಂದೇ ಥರ ಇರುವುದಿಲ್ಲ. ಅಲ್ಲಿ ಕಲಿಸುವ ಹುಡುಗನೋ ಹುಡುಗಿಯೋ ಹೇಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಸೆಂಟರಿನ ದೊಡ್ಡ ಲಾಭ ಅಂದರೆ ಯಂತ್ರವೂ ಅಲ್ಲೇ, ಕೇಳಲು ಜನವೂ ಅಲ್ಲೇ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ, ಹೊತ್ತಿಗೆ ಸರಿಯಾಗಿ ಎಲ್ಲಿಗಾದರೂ ಹೋದರೆ ಮಾತ್ರ ಕಲಿಯುವವರಿಗೆ ಇದು ಹೊಂದುತ್ತದೆ. ಪೂರ್ತಿ ಹೊಸಬರಿಗೆ ಮೌಸ್ ಹಿಡಿಯುವ ಭಯ ಹೋಗುವುದೂ ಇಲ್ಲೇ. ಕನ್ನಡ ಟೈಪಿಂಗ್ ಒಂದನ್ನು ನಾನು ಸೆಂಟರಿಗೇ ಬಿಟ್ಟುಕೊಡುತ್ತೇನೆ. ದಿನಕ್ಕೆ ಒಂದು ಗಂಟೆ ಕೂರಿಸಿ ಬೆರಳು ಓಡಿಸುವ ಶಿಸ್ತು ಮನೆಯಲ್ಲಿ ಬರುವುದು ಕಷ್ಟ.

ನಷ್ಟವೂ ಇದೆ. ಅಲ್ಲಿನ ಪಾಠ ಪಿಯುಸಿ, ಡಿಗ್ರಿ ಮುಗಿಸಿ ಕೆಲಸ ಹುಡುಕುವ ಮಕ್ಕಳಿಗೆ ಮಾಡಿದ್ದು. ಕಂಪ್ಯೂಟರಿನ ಇತಿಹಾಸ, ಮೊದಲ ತಲೆಮಾರು ಎರಡನೆಯ ತಲೆಮಾರು, ರ್ಯಾಮ್ ರಾಮ್ ವ್ಯತ್ಯಾಸ ಅಂತ ನೋಟ್ಸ್ ಬರೆಸುತ್ತಾರೆ. ಹದಿನೈದು ದಿನ ಅಲ್ಲೇ ಹೋಗುತ್ತದೆ. ಬೋಧನೆಯ ಬಗ್ಗೆ ಒಂದು ಮಾತೂ ಬರುವುದಿಲ್ಲ. ನನ್ನ ಪರಿಚಯದ ಒಬ್ಬ ಮೇಡಂ ಒಂದು ಸೆಂಟರಿನಲ್ಲಿ ಮೂರು ತಿಂಗಳು ಕಲಿತು ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಜೂನ್‌ನಲ್ಲಿ ತರಗತಿಯ ಅಂಕಪಟ್ಟಿ ಮಾಡಲು ಕೂತಾಗ, ಒಂದು ಕಾಲಮ್ಮಿನ ಅಂಕಗಳನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿ ಮೊತ್ತವನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡುತ್ತಿದ್ದರು. ಸಮ್ ಸೂತ್ರ ಅವರ ನೋಟ್‌ಬುಕ್ಕಿನಲ್ಲಿತ್ತು. ಬೆರಳಿಗೆ ಇಳಿದಿರಲಿಲ್ಲ ಅಷ್ಟೇ.

ಆದ್ದರಿಂದ ಸೆಂಟರಿಗೆ ಸೇರುವುದಾದರೆ ನಿಮ್ಮ ಚೀಟಿ ತೆಗೆದುಕೊಂಡು ಹೋಗಿ. "ನನಗೆ ಇವಿಷ್ಟು ಸಾಕು, ಇದನ್ನು ಒಂದೂವರೆ ತಿಂಗಳಲ್ಲಿ ಕಲಿಸುತ್ತೀರಾ?" ಅಂತ ನೇರವಾಗಿ ಕೇಳಿ. ಹಲವರು ಒಪ್ಪುತ್ತಾರೆ. ಬೇಸಿಗೆಯಲ್ಲಿ ಅವರಿಗೆ ಮಕ್ಕಳ ಗದ್ದಲ ಜಾಸ್ತಿ, ಹಾಗಾಗಿ ಬೆಳಿಗ್ಗೆ ಏಳರ ಬ್ಯಾಚ್ ಕೇಳಿ.

ಸಿಸಿಸಿ

ಇದು ಕೇಂದ್ರ ಸರ್ಕಾರದ ನೀಲಿಟ್ ಸಂಸ್ಥೆ ನಡೆಸುವ ಪರೀಕ್ಷೆ. ಹಿಂದೆ ಡೋಯಕ್ ಅಂತಿದ್ದ ಸಂಸ್ಥೆಯೇ ಈಗಿನ ನೀಲಿಟ್. ಸಿಸಿಸಿ 80 ಗಂಟೆಯ ಕೋರ್ಸು. ವರ್ಡ್ ಥರದ್ದು, ಎಕ್ಸೆಲ್ ಥರದ್ದು, ಪ್ರೆಸೆಂಟೇಷನ್, ಇಂಟರ್ನೆಟ್, ಇಮೇಲ್, ಆನ್‌ಲೈನ್ ಪಾವತಿ, ಸೈಬರ್ ಸುರಕ್ಷತೆ ಎಲ್ಲ ಇದೆ. ಯಾವ ಸೆಂಟರಿಗೂ ಸೇರದೆ ನೀವೇ ಓದಿ ನೇರವಾಗಿ ಅರ್ಜಿ ಹಾಕಬಹುದು. ಪರೀಕ್ಷೆಯಲ್ಲಿ 100 ಪ್ರಶ್ನೆ, 90 ನಿಮಿಷ, ಪಾಸಾಗಲು 50 ಅಂಕ. ಶುಲ್ಕ 500 ರೂಪಾಯಿ, ಮೇಲೆ ಜಿಎಸ್‌ಟಿ. ಇನ್ನೂ ಚಿಕ್ಕದು ಬೇಕಿದ್ದರೆ ಬಿಸಿಸಿ ಇದೆ, ಅದು 36 ಗಂಟೆಯದ್ದು.

ಪಠ್ಯ ಚೆನ್ನಾಗಿದೆ. ಆ ಪಟ್ಟಿಯನ್ನು ಇಳಿಸಿಕೊಂಡು ಎದುರಿಗಿಟ್ಟುಕೊಂಡರೆ ಏನೇನು ಕಲಿಯಬೇಕು ಅಂತ ಗೊತ್ತಾಗುತ್ತದೆ. ಆದರೆ ಪರೀಕ್ಷೆ ಇರುವುದು ಆಯ್ಕೆಯ ಪ್ರಶ್ನೆಗಳಲ್ಲಿ. ಒಂದು ಗೈಡ್ ಬಾಯಿಪಾಠ ಮಾಡಿ, ಕೀಬೋರ್ಡ್ ಮುಟ್ಟದೆ ಪಾಸಾದವರನ್ನು ನೋಡಿದ್ದೇನೆ. ಕನ್ನಡ ಟೈಪಿಂಗ್ ಇಲ್ಲಿ ಬರುವುದಿಲ್ಲ. ಪರೀಕ್ಷಾ ಕೇಂದ್ರ ನಿಮ್ಮ ಊರಿಗೆ ಎಷ್ಟು ದೂರ, ಪ್ರಶ್ನೆ ಯಾವ ಭಾಷೆಯಲ್ಲಿ ಅಂತ ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ. ಕೆಲಸ ಹುಡುಕುತ್ತಿರುವ ಬಿಎಡ್ ಹುಡುಗರಿಗೆ, ಖಾಸಗಿ ಶಾಲೆಯಲ್ಲಿ ಇದ್ದು ಬೇರೆ ಕಡೆ ಹೋಗಲು ನೋಡುತ್ತಿರುವವರಿಗೆ ಇದು ಕಡಿಮೆ ಖರ್ಚಿನಲ್ಲಿ ದೇಶದ ಎಲ್ಲ ಕಡೆ ತೋರಿಸಬಹುದಾದ ಕಾಗದ. ಹದಿನೈದು ವರ್ಷ ಸರ್ವೀಸ್ ಆದವರಿಗೆ ಇದರಿಂದ ಹೆಚ್ಚೇನೂ ಆಗದು.

ಹಳ್ಳಿಯವರಿಗೆ ಪುಕ್ಕಟೆ ಕಲಿಸುತ್ತಾರಂತೆ ಅಂತ ಇವತ್ತಿಗೂ ಕೆಲವರು ಕೇಳುತ್ತಾರೆ. ಅವರು ಹೇಳುತ್ತಿರುವುದು ಪಿಎಂಜಿ ದಿಶಾ ಎಂಬ 20 ಗಂಟೆಯ ಕೋರ್ಸು. ಆ ಯೋಜನೆ 2024ರ ಮಾರ್ಚ್‌ಗೆ ಮುಗಿದಿದೆ. ಅದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇಲಾಖೆಯ ತರಬೇತಿ

ಸರ್ಕಾರಿ ಹೈಸ್ಕೂಲಿನವರಿಗೆ ಇದು ಗೊತ್ತಿರುತ್ತದೆ. 2010ರ ದಶಕದ ಶುರುವಿನಲ್ಲಿ ವಿಷಯ ಶಿಕ್ಷಕರ ವೇದಿಕೆ ಅಂತ ತರಬೇತಿಗಳು ನಡೆದವು. ರಾಜ್ಯದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೈಜೋಡಿಸಿತ್ತು. ಆಮೇಲೆ ತಂತ್ರಜ್ಞಾನ ಬಳಸಿ ಪಾಠ ಮಾಡುವುದನ್ನು ಕಲಿಸುವ ಟಾಲ್ಪ್ ಯೋಜನೆ ಬಂತು. ಡಯಟ್‌ಗಳಲ್ಲಿ, ಅಂದರೆ ಜಿಲ್ಲಾ ಶಿಕ್ಷಕ ತರಬೇತಿ ಕೇಂದ್ರಗಳಲ್ಲಿ, ದಿನಗಟ್ಟಲೆ ಕೂರಿಸಿ ಕಲಿಸಿದರು. ವಿಂಡೋಸ್ ಬದಲು ಉಬುಂಟು, ಎಂಎಸ್ ಆಫೀಸ್ ಬದಲು ಲಿಬ್ರೆ ಆಫೀಸ್, ಗಣಿತದವರಿಗೆ ಆಕೃತಿ ಬರೆದು ಎಳೆದು ನೋಡುವ ಜಿಯೋಜೀಬ್ರಾ. ಒಂದು ದುಡ್ಡೂ ಕೊಡದೆ, ಪೈರಸಿಯ ಭಯವೂ ಇಲ್ಲದೆ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ತಂತ್ರಾಂಶಗಳು.

ನಾನು ಪಳಗಿದ್ದು ಇಲ್ಲೇ. ಮೇಷ್ಟ್ರ ಕೆಲಸಕ್ಕೆ ಅಂತಲೇ ಮಾಡಿದ ಪಾಠ ಬೇರೆಲ್ಲೂ ನನಗೆ ಕಾಣಲಿಲ್ಲ. ತ್ರಿಭುಜದ ಒಂದು ಶೃಂಗವನ್ನು ಮೌಸಿನಲ್ಲಿ ಎಳೆದಾಗ ಮೂರು ಕೋನಗಳೂ ಬದಲಾಗಿ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಂತಿದ್ದನ್ನು ಮೊದಲ ಸಲ ನೋಡಿದ ದಿನ ನಾನು ಊಟಕ್ಕೆ ಎದ್ದಿರಲಿಲ್ಲ. ಸೆಂಟರಿನ ಕೋರ್ಸು ಮುಗಿಸಿದ್ದರೆ ನಾನು ಒಳ್ಳೆಯ ಟೈಪಿಸ್ಟ್ ಆಗುತ್ತಿದ್ದೆ, ಅಷ್ಟೇ.

ತೊಂದರೆ ಎಂದರೆ ಇದು ನಿಮ್ಮ ಕೈಯಲ್ಲಿ ಇಲ್ಲ. ಆದೇಶ ಬರಬೇಕು, ಪಟ್ಟಿಯಲ್ಲಿ ಹೆಸರು ಇರಬೇಕು, ಎಚ್‌ಎಂ ಬಿಡಬೇಕು. ಪ್ರಾಥಮಿಕ ಶಾಲೆಯವರಿಗೆ, ಅನುದಾನಿತ ಮತ್ತು ಖಾಸಗಿ ಶಾಲೆಯವರಿಗೆ ಅವಕಾಶ ಕಡಿಮೆ. ತರಬೇತಿ ಮುಗಿಸಿ ಶಾಲೆಗೆ ಬಂದರೆ ಲ್ಯಾಬಿನ ಯುಪಿಎಸ್ ಸತ್ತಿರುತ್ತದೆ. ನಾನು ಹೇಳಿದ ಮೊದಲ ಅಳತೆಯಲ್ಲಿ ಒಳ್ಳೆಯ ತರಬೇತಿಯೂ ಸೋಲುವುದು ಇಲ್ಲೇ. ಹೆಸರು ಬಂದರೆ "ಯಾರಪ್ಪಾ ಹೋಗ್ತಾರೆ" ಅನ್ನದೆ ಹೋಗಿ. ಬರದಿದ್ದರೆ ಕಾಯುತ್ತಾ ಕೂರಬೇಡಿ. ಆ ತರಬೇತಿಗಳ ಸುತ್ತ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣ, ನಾವು ಕೋಯರ್ ಅನ್ನುವುದು, ಕನ್ನಡದಲ್ಲೂ ಇದೆ. ಯಾರು ಬೇಕಾದರೂ ತೆರೆದು ಓದಬಹುದು.

ದೀಕ್ಷಾ

ಶಿಕ್ಷಕರಿಗೂ ಮಕ್ಕಳಿಗೂ ಕೇಂದ್ರ ಸರ್ಕಾರ ಮಾಡಿದ ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆ 2017ರಲ್ಲಿ ಶುರುವಾಯಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಶಿಕ್ಷಕರ ನಿಷ್ಠಾ ತರಬೇತಿಯ 18 ಮಾಡ್ಯೂಲುಗಳನ್ನು ಅದರಲ್ಲಿ ಹಾಕಿದಾಗ ಎಲ್ಲರೂ ಮೊಬೈಲ್ ಹಿಡಿದು ಕೂತೆವು. ಅದರಲ್ಲಿ ಒಂದು ಮಾಡ್ಯೂಲು ಪಾಠದಲ್ಲಿ ಐಸಿಟಿ, ಅಂದರೆ ಕಂಪ್ಯೂಟರ್, ಇಂಟರ್ನೆಟ್ ಥರದ ತಂತ್ರಜ್ಞಾನ, ಬಳಸುವುದರ ಬಗ್ಗೆಯೇ ಇತ್ತು. ಮಾಡ್ಯೂಲು ಮುಗಿಸಿದರೆ ಪ್ರಮಾಣಪತ್ರ. ಖರ್ಚಿಲ್ಲ, ಹೊತ್ತು ನಿಮ್ಮದು, ಕನ್ನಡವೂ ಉಂಟು.

ಕಂಪ್ಯೂಟರ್ ಕಲಿಯಲು ಮಾತ್ರ ಇದು ಸಾಲದು. ಈಜುವ ಬಗ್ಗೆ ಭಾಷಣ ಕೇಳಿದ ಹಾಗೆ. ವಿಡಿಯೋ ಓಡಲು ಬಿಟ್ಟು ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದವರು ಎಷ್ಟು ಜನ ಅಂತ ನಮಗೇ ಗೊತ್ತು, ಅಲ್ವಾ? ನಾನೂ ಒಂದೆರಡು ಮಾಡ್ಯೂಲು ಹಾಗೇ ಮುಗಿಸಿದ್ದೇನೆ.

ವಿಡಿಯೋ ನೋಡಿ ನೀವೇ ಕಲಿಯುವುದು

ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಎಕ್ಸೆಲ್, ವರ್ಡ್ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. "ಸ್ಯಾಟ್ಸ್‌ನಲ್ಲಿ ಅಂಕ ಹಾಕುವುದು ಹೇಗೆ" ಅಂತ ಹುಡುಕಿದರೆ ಯಾರೋ ಪುಣ್ಯಾತ್ಮ ಮೇಷ್ಟ್ರು ಪರದೆ ತೋರಿಸಿ ಹೇಳಿರುತ್ತಾರೆ. ವೆಬ್‌ಸೈಟ್ ಕೆಲಸಗಳಿಗೆ, ಅಂದರೆ ಚೀಟಿಯ ಮೂರನೆಯ ಗುಂಪಿಗೆ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆ ವೆಬ್‌ಸೈಟುಗಳು ಆಗಾಗ ಬದಲಾಗುತ್ತವೆ, ಯಾವ ಕೋರ್ಸೂ ಅವುಗಳ ವೇಗಕ್ಕೆ ಓಡಲಾರದು. ವಿಡಿಯೋ ಹಾಕಿದ ತಾರೀಖು ನೋಡಿ, ಎರಡು ವರ್ಷ ಹಳೆಯದಾದರೆ ಬಿಡಿ.

ಬುನಾದಿ ಕಲಿಯಲು ನಾನು ಹೇಳುವುದು ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್. ಹತ್ತು ನಿಮಿಷದ ಆಸುಪಾಸಿನ ಪಾಠಗಳು. ಲಿಬ್ರೆ ಆಫೀಸಿನ ರೈಟರ್ (ವರ್ಡ್ ಥರದ್ದು), ಕ್ಯಾಲ್ಕ್ (ಎಕ್ಸೆಲ್ ಥರದ್ದು), ಇಂಪ್ರೆಸ್ (ಪ್ರೆಸೆಂಟೇಷನ್) ಪಾಠಗಳ ಧ್ವನಿ ಕನ್ನಡದಲ್ಲೂ ಇದೆ. ಎಲ್ಲ ಉಚಿತ. ಅವರು ಹೇಳುವ ಕ್ರಮವೇ ನನಗೆ ಇಷ್ಟ: ಪರದೆಯ ಒಂದು ಪಕ್ಕ ವಿಡಿಯೋ, ಇನ್ನೊಂದು ಪಕ್ಕ ತಂತ್ರಾಂಶ. ಅವರು ಒಂದು ಹೆಜ್ಜೆ ಹೇಳಿದ ತಕ್ಷಣ ನಿಲ್ಲಿಸಿ, ನೀವು ಮಾಡಿ, ಮುಂದಕ್ಕೆ ಹೋಗಿ. ಹತ್ತು ನಿಮಿಷದ ಪಾಠಕ್ಕೆ ನಲವತ್ತು ನಿಮಿಷ ಹಿಡಿದರೆ ಸರಿಯಾಗಿ ಕಲಿಯುತ್ತಿದ್ದೀರಿ ಅಂತ. ಡಬ್ಬಿಂಗಿನ ಕನ್ನಡ ಕೆಲವು ಕಡೆ ಗಟ್ಟಿ. ಮೆನುಗಳು ಇಂಗ್ಲಿಷಿನಲ್ಲೇ ಇರುತ್ತವೆ. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಈ ದಾರಿಗೆ ಮನೆಯಲ್ಲಿ ಕಂಪ್ಯೂಟರ್ ಬೇಕೇಬೇಕು. ಮೊಬೈಲಿನಲ್ಲಿ ವಿಡಿಯೋ ನೋಡಿ ಮೊಬೈಲಿನಲ್ಲೇ ಎಕ್ಸೆಲ್ ಕಲಿಯುತ್ತೇನೆ ಅಂದರೆ ಆಗುವುದಿಲ್ಲ. ಸಿಕ್ಕಿಕೊಂಡಾಗ ಕೇಳಲು ಯಾರೂ ಇರುವುದಿಲ್ಲ ಅನ್ನುವುದೂ ಇದರ ದೊಡ್ಡ ಕೊರತೆ. ನಾಲ್ಕನೇ ದಿನ ಬಿಡುವವರೇ ಜಾಸ್ತಿ.

ಪಕ್ಕದಲ್ಲಿ ಕೂತು ಕಲಿಯುವುದು

ಪಟ್ಟಿಯಲ್ಲಿ ಯಾರೂ ಸೇರಿಸದ ದಾರಿ ಇದು. ನನ್ನ ಮಟ್ಟಿಗೆ ಮೇಷ್ಟ್ರುಗಳಿಗೆ ಇದೇ ಮೊದಲನೆಯದು. ಶಾಲೆಯಲ್ಲಿ ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಕೆಲಸ ಒಪ್ಪಿಸುವ ಬದಲು ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಮೌಸ್ ನಿಮ್ಮ ಕೈಯಲ್ಲಿ ಇರಬೇಕು. ಇದೊಂದೇ ಷರತ್ತು. ಗೊತ್ತಿರುವವರಿಗೆ ತಾಳ್ಮೆ ಇರುವುದಿಲ್ಲ, "ಕೊಡಿ ಸರ್, ನಾನೇ ಮಾಡ್ತೀನಿ" ಅಂತ ಎಳೆದುಕೊಳ್ಳುತ್ತಾರೆ. ನಾನೂ ಹಾಗೆ ಮಾಡಿದ್ದೇನೆ. ನೀವು ಕೊಡಬೇಡಿ.

ನಮ್ಮ ಶಾಲೆಯ ಹಿಂದಿ ಮೇಡಂ ಹೀಗೇ ಕಲಿತರು. ಅವರದು ಒಂದೇ ಗುರಿ: 42 ಮಕ್ಕಳ ನಾಲ್ಕು ಎಫ್‌ಎ (ರೂಪಣಾತ್ಮಕ), ಎರಡು ಎಸ್‌ಎ (ಸಂಕಲನಾತ್ಮಕ) ಪರೀಕ್ಷೆಗಳ ಅಂಕಗಳನ್ನು ತಾವೇ ಪಟ್ಟಿ ಮಾಡಬೇಕು. ಮೊದಲ ವಾರ ಬರೀ ಹೆಸರು ಟೈಪ್ ಮಾಡಿದರು. ಎರಡನೇ ವಾರ ಒಂದು ಕೋಶದಲ್ಲಿ ಸೂತ್ರ ಬರೆದು ಕೆಳಗಿನವರೆಗೆ ಎಳೆದಾಗ 42 ಮೊತ್ತಗಳೂ ಒಮ್ಮೆಗೇ ಬಂದವು. "ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ?" ಅಂತ ನನ್ನನ್ನೇ ಬೈದರು. ಶ್ರೇಣಿ ಹಾಕುವ ಇಫ್ ಸೂತ್ರಕ್ಕೆ ಇನ್ನೂ ಹದಿನೈದು ದಿನ ಹಿಡಿಯಿತು. ಅವರಿಗೆ ವರ್ಡ್ ಇವತ್ತಿಗೂ ಅಷ್ಟಕ್ಕಷ್ಟೆ. ಬೇಕಾಗಿಲ್ಲ ಕೂಡ.

ಮನೆಯಲ್ಲಿ ಮಗನೋ ಮಗಳೋ ಇದ್ದರೆ ಅವರ ಹತ್ತಿರ ಕಲಿಯಬಹುದೇ? ಕಲಿಯಬಹುದು, ಜಗಳಕ್ಕೆ ಸಿದ್ಧವಾಗಿರಿ. ಈಗಿನ ಮಕ್ಕಳಿಗೆ ಮೊಬೈಲ್ ಕರತಲಾಮಲಕ, ಎಕ್ಸೆಲ್ ಎಲ್ಲರಿಗೂ ಗೊತ್ತಿರುವುದಿಲ್ಲ. ನಮ್ಮ ಹತ್ತನೇ ಕ್ಲಾಸಿನ ಹುಡುಗರು ಇದಕ್ಕಿಂತ ತಾಳ್ಮೆಯ ಗುರುಗಳು. ಮೇಷ್ಟ್ರಿಗೆ ಹೇಳಿಕೊಡುವ ಖುಷಿಗೆ ಎಷ್ಟು ಸಲ ಕೇಳಿದರೂ ಹೇಳುತ್ತಾರೆ.

ಈ ದಾರಿಯ ಕೊರತೆ ಎಂದರೆ ತುಣುಕು ತುಣುಕಾಗಿ ಬರುತ್ತದೆ. ಫೈಲನ್ನು ಎಲ್ಲಿ ಉಳಿಸಿದೆ, ಫೋಲ್ಡರ್ ಅಂದರೇನು ಅನ್ನುವ ಬುಡದ ವಿಷಯಗಳು ಬಿಟ್ಟುಹೋಗುತ್ತವೆ. ಅದಕ್ಕೆ ವಾರಕ್ಕೆರಡು ಸ್ಪೋಕನ್ ಟ್ಯುಟೋರಿಯಲ್ ಪಾಠ ಸೇರಿಸಿಕೊಂಡರೆ ಸರಿಹೋಗುತ್ತದೆ.

ಕನ್ನಡ ಟೈಪಿಂಗ್: ಇಲ್ಲಿ ಎಡವಬೇಡಿ

ಎಲ್ಲಿ ಕಲಿತರೂ ಒಂದು ಪ್ರಶ್ನೆ ಕೇಳಲೇಬೇಕು. "ಯುನಿಕೋಡ್‌ನಲ್ಲಿ ಕಲಿಸುತ್ತೀರಾ?" ಯುನಿಕೋಡ್ ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಒಳಗೊಳಗೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಹೊದಿಸಿದ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತದೆ. ನ ಇರಬೇಕಾದ ಕಡೆ ಪೌಂಡ್ ಗುರುತು ಕಾಣುತ್ತದೆ. ನಾನು ಒಂದು ಸಲ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಹೀಗೆ ಟೈಪ್ ಮಾಡಿ, ಪೆನ್ ಡ್ರೈವಿನಲ್ಲಿ ಹಾಕಿಕೊಂಡು, ಪರೀಕ್ಷೆಯ ಹಿಂದಿನ ಸಂಜೆ ಇನ್ನೊಂದು ಊರಿನ ಜೆರಾಕ್ಸ್ ಅಂಗಡಿಗೆ ಹೋದೆ. ತೆರೆದರೆ ಪುಟ ತುಂಬ ಪೌಂಡ್. ಬ್ರಿಟನ್ನಿನ ಖಜಾನೆಯೇ ಬಂದ ಹಾಗಿತ್ತು. ರಾತ್ರಿ ಹನ್ನೊಂದರವರೆಗೆ ಕೈಯಲ್ಲಿ ಬರೆದೆ.

ಯುನಿಕೋಡ್‌ನಲ್ಲಿ ಆ ಸಮಸ್ಯೆ ಇಲ್ಲ. ವಾಟ್ಸಾಪಿಗೆ ಅಂಟಿಸಿ, ಇಮೇಲಿಗೆ ಹಾಕಿ, ಕನ್ನಡ ಕನ್ನಡವಾಗಿಯೇ ಇರುತ್ತದೆ. ಕೀಲಿಮಣೆ ಮಾತ್ರ ಕೆ. ಪಿ. ರಾವ್ ಅವರ ವಿನ್ಯಾಸವನ್ನೇ ಕಲಿಯಿರಿ. ನುಡಿಯಲ್ಲಿ ಇರುವುದೂ ಅದೇ, ಉಬುಂಟುವಿನಲ್ಲಿ ಕಗಪ ಹೆಸರಿನಲ್ಲಿ ಇರುವುದೂ ಅದೇ. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. ಒಂದು ಸಲ ಬೆರಳಿಗೆ ಬಂದರೆ ಹೋಗುವುದಿಲ್ಲ. ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡುವುದೂ ಈಗ ಚೆನ್ನಾಗಿ ಬರುತ್ತದೆ. ಉದ್ದದ ವರದಿ ಬರೆಯಲು ನಾನೇ ಅದನ್ನು ಬಳಸುತ್ತೇನೆ. ಪ್ರಶ್ನೆಪತ್ರಿಕೆಗೆ ಆಗುವುದಿಲ್ಲ, ಸಂಖ್ಯೆ, ಕೋಷ್ಟಕ, ಖಾಲಿ ಬಿಟ್ಟ ಜಾಗ ಎಲ್ಲ ಕೈಯಲ್ಲೇ ಆಗಬೇಕು.

ಎಂಎಸ್ ಆಫೀಸೋ ಲಿಬ್ರೆ ಆಫೀಸೋ ಅನ್ನುವ ಚರ್ಚೆಗೆ ಹೋಗುವುದೇ ಬೇಡ. ಒಂದು ಬಂದರೆ ಇನ್ನೊಂದು ಬರುತ್ತದೆ. ದುಡ್ಡು ಉಳಿಯಬೇಕಾದರೆ ಲಿಬ್ರೆ. ಆಫೀಸಿಗೆ ಕಳಿಸುವ ಮೊದಲು ಅವರು ಕೇಳಿದ ನಮೂನೆಯಲ್ಲಿ ಉಳಿಸಿ ಕಳಿಸಿ, ಅಷ್ಟೇ.

ಯಂತ್ರ ಕೊಳ್ಳಬೇಕೇ?

ತಕ್ಷಣ ಬೇಡ. ಮೊದಲು ಶಾಲೆಯದ್ದನ್ನು ನೋಡಿ. ಎಷ್ಟೋ ಶಾಲೆಗಳಲ್ಲಿ ಬೀರುವಿನೊಳಗೆ ಒಂದು ಲ್ಯಾಪ್‌ಟಾಪ್ ಪೂಜೆಗೆ ಇಟ್ಟ ಹಾಗೆ ಇರುತ್ತದೆ. ಕಳೆದುಹೋದರೆ ಯಾರು ಹೊಣೆ ಅಂತ ಯಾರೂ ಮುಟ್ಟುವುದಿಲ್ಲ. ಎಚ್‌ಎಂ ಜೊತೆ ಮಾತಾಡಿ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಲ್ಲೇ ಕೂತು ಕಲಿಯಲು ಒಪ್ಪಿಸಿ.

ಕೊಳ್ಳಲೇಬೇಕಾದರೆ, ಮೇಜಿನ ಮೇಲಿಡುವ ಹಳೆಯ ಡೆಸ್ಕ್‌ಟಾಪ್ ಸಾಕು. ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳನ್ನು ದುರಸ್ತಿ ಮಾಡಿ ಮಾರುವ ಅಂಗಡಿಗಳು ಎಲ್ಲ ದೊಡ್ಡ ಊರುಗಳಲ್ಲೂ ಇವೆ. ಹೊಸ ಲ್ಯಾಪ್‌ಟಾಪಿನ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ. ವಿಂಡೋಸ್ ನಿಧಾನ ಅನ್ನಿಸಿದರೆ ಉಬುಂಟು ಹಾಕಿಸಿ. ಕರೆಂಟು ಕೈಕೊಡುವ ಊರಿನವರು, ದಿನಾ ಶಾಲೆಗೂ ಮನೆಗೂ ಹೊತ್ತು ತಿರುಗುವವರು ಮಾತ್ರ ಲ್ಯಾಪ್‌ಟಾಪ್ ನೋಡಿ. ಟ್ಯಾಬ್ ಬೇಡ.

ಯಾರಿಗೆ ಯಾವುದು

ನಿವೃತ್ತಿ ಹತ್ತಿರ ಇರುವ, ಮೌಸ್ ಹಿಡಿಯದ ಪ್ರಾಥಮಿಕ ಶಾಲೆಯವರು ಎಲ್ಲ ಕಲಿಯಲು ಹೋಗಬೇಡಿ. ಲಾಗಿನ್, ಫಾರಂ ತುಂಬುವುದು, ಪಿಡಿಎಫ್ ಇಳಿಸಿ ಪ್ರಿಂಟ್ ತೆಗೆಯುವುದು, ಒಟಿಪಿ ಯಾರಿಗೂ ಹೇಳದಿರುವುದು, ಇಷ್ಟು ಸಾಕು. ಪಕ್ಕದಲ್ಲಿ ಕೂತು ಒಂದು ತಿಂಗಳಲ್ಲಿ ಬರುತ್ತದೆ. ಶಾಲೆಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಅಭ್ಯಾಸ ಮಾತ್ರ ಇವತ್ತೇ ಬಿಡಿ.

ಹೊಸದಾಗಿ ಸೇರಿದವರು, ಮೂವತ್ತು ವರ್ಷ ಸರ್ವೀಸ್ ಮುಂದಿರುವವರು ರಜೆಯಲ್ಲಿ ಟೈಪಿಂಗ್ ಒಂದಕ್ಕೆ ಸೆಂಟರಿಗೆ ಸೇರಿ. ಉಳಿದದ್ದನ್ನು ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕಲಿಯಿರಿ. ಇಲಾಖೆಯ ತರಬೇತಿ ಬಂದರೆ ಮೊದಲ ಸಾಲಿನಲ್ಲಿ ಕೂತುಕೊಳ್ಳಿ.

ಗಣಿತ, ವಿಜ್ಞಾನದವರ ಚೀಟಿಯಲ್ಲಿ ನಾಲ್ಕನೆಯ ಗುಂಪು ಉದ್ದ ಇರಬೇಕು. ಇಲ್ಲದಿದ್ದರೆ ಸೇರಿಸಿ. ಜಿಯೋಜೀಬ್ರಾ ಪುಕ್ಕಟೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಬಲ್ಬು, ಬ್ಯಾಟರಿ, ತಂತಿ ಪರದೆಯ ಮೇಲೆ ಜೋಡಿಸಿ ತೋರಿಸಿದರೆ ಲ್ಯಾಬಿಲ್ಲದ ಶಾಲೆಯಲ್ಲೂ ಮಂಡಲ ಅರ್ಥವಾಗುತ್ತದೆ. ಇದಕ್ಕೆ ಟೈಪಿಂಗ್ ಬರಬೇಕಿಲ್ಲ, ಕೋರ್ಸೂ ಬೇಕಿಲ್ಲ. ಒಂದು ಭಾನುವಾರ ಸಾಕು.

ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಾ ಬೇರೆ ಕೆಲಸ ನೋಡುತ್ತಿರುವವರಿಗೆ ಸೆಂಟರಿನ ಫೀಸು ಭಾರ. ಸಿಸಿಸಿ ಪಟ್ಟಿ ಹಿಡಿದು ಮನೆಯಲ್ಲೇ ಕಲಿತು ಪರೀಕ್ಷೆ ಕಟ್ಟಿ. ಅಭ್ಯಾಸಕ್ಕೆ ಶಾಲೆಯ ಲ್ಯಾಬ್ ಕೇಳಿ. ನಿಮ್ಮ ಕೈಲಿ ಅವರು ಸಾಲದ್ದಕ್ಕೆ ಡೇಟಾ ಎಂಟ್ರಿಯನ್ನೂ ಮಾಡಿಸುತ್ತಾರೆ, ಹಾಗಾಗಿ ಕೇಳುವ ಹಕ್ಕು ಇದೆ.

ಇನ್ನೂ ಸೆಂಟರಿಗೇ ಸೇರುತ್ತೇನೆ ಅನ್ನುವವರು ದುಡ್ಡು ಕಟ್ಟುವ ಮೊದಲು ಒಂದು ದಿನ ಸುಮ್ನೆ ಹೋಗಿ ಕೂತು ಬನ್ನಿ. ಒಂದು ಕಂಪ್ಯೂಟರಿಗೆ ಎಷ್ಟು ಜನ ಅಂತ ಎಣಿಸಿ. ಇಬ್ಬರಿಗಿಂತ ಜಾಸ್ತಿ ಇದ್ದರೆ ಬೇಡ. ಕರೆಂಟು ಹೋದರೆ ತಪ್ಪಿದ ಕ್ಲಾಸು ಮತ್ತೆ ಮಾಡುತ್ತಾರಾ ಕೇಳಿ. ಬಿಟ್ಟು ಹೋದರೆ ಫೀಸು ವಾಪಸ್ ಎಷ್ಟು ಅಂತ ರಸೀದಿಯ ಹಿಂದೆ ಬರೆಸಿಕೊಳ್ಳಿ. ಆಮೇಲೆ ಹೋದ ವರ್ಷದ ನಿಮ್ಮದೇ ತರಗತಿಯ ಅಂಕವಹಿಯನ್ನು ಬ್ಯಾಗಿನಿಂದ ತೆಗೆದು, "ಇದನ್ನೇ ಇಟ್ಟುಕೊಂಡು ಕಲಿಸ್ತೀರಾ?" ಅಂತ ಕೇಳಿ. ಅವರು ಅಂಕವಹಿಯನ್ನು ಕೈಗೆ ತೆಗೆದುಕೊಂಡು ಪುಟ ತಿರುಗಿಸಿದರೆ ಸೇರಿಕೊಳ್ಳಿ.